ದುರ್ವಾಸನೆಯ ಮರವೂ ಮಿದುಳಿನ ಅರ್ಬುದವೂ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಒಂದು ಚಿಕ್ಕ ಮರಕ್ಕೆ ಕನ್ನಡದಲ್ಲಿ ದುರ್ವಾಸನೆಯ ಮರವೆಂದೂ ಮರಾಠಿಯಲ್ಲಿ ನರಕ್ಯಾ ಎಂದೂ ಹೆಸರು. ಹೂವಿನ ಕೆಟ್ಟ ನಾತವು ಪ್ರಸಿದ್ಧವಾದದ್ದು. ಸಸ್ಯಶಾಸ್ತ್ರಜ್ಞರು ಹಿಂದೆ ಇಟ್ಟಿದ್ದ 'ಮಾಪಿಯಾ ಫೀಟಿಡಾ' ಎಂಬ ಲ್ಯಾಟಿನ್ ನಾಮದ ಉತ್ತರಪದಕ್ಕೂ ನಾರುವುದೆಂದೇ ಅರ್ಥ. ಮಿದುಳಿನ ಅರ್ಬುದದಿಂದ ನರಳುತ್ತಿದ್ದ ಅಳಿಯನಿಗೆ ಈ ಮರದ ತೊಗಟೆಯ ಪುಡಿಯನ್ನು ಕೊಳ್ಳುವುದಕ್ಕಾಗಿ, ನಮ್ಮ ಬ್ಯಾಂಕಿನ ಗ್ರಾಹಕರೊಬ್ಬರು ಮುದ್ದತು ತುಂಬುವ ಮೊದಲೇ ಠೇವಣಿಯನ್ನು ಮುರಿಸಲು ಬಂದರು. "ವಿಜ್ಞಾನಿಗಳೇ ಒಪ್ಪಿದ್ದಾರಂತಲ್ಲ ಸಾಹೇಬರೇ?" ಎಂದು ಕೇಳಿದರು. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ತರುವಾಯ ಓದಿ ತಿಳಿದುದನ್ನು ಇಲ್ಲಿ ನಿರೂಪಿಸಿದ್ದೇನೆ.

ಈ ಇತಿಹಾಸದ ಮೊದಲ ಭಾಗವು ಚೀನಾ ದೇಶದ ಬೇರೊಂದು ಮರಕ್ಕೆ ಸೇರಿದುದು. ಅಲ್ಲಿಯವರು ಅದನ್ನು 'ಷೀ ಷು', ಎಂದರೆ ಆನಂದವೃಕ್ಷ, ಎನ್ನುತ್ತಾರೆ. 1950ರ ದಶಕದಲ್ಲಿ ಅಮೇರಿಕದ ಕೃಷಿ ಇಲಾಖೆಯವರು ಕಾರ್ಟಿಸೋನ್ ತಯಾರಿಕೆಗೆ ಬೇಕಾದ ಮೂಲದ್ರವ್ಯವನ್ನು ಸಸ್ಯಗಳಲ್ಲಿ ಅರಸುತ್ತಿದ್ದಾಗ ಸಂಗ್ರಹಿಸಿದ ಸಸ್ಯಸಾರಗಳಲ್ಲಿ ಇದೂ ಒಂದು. ಅರ್ಬುದದ ಪರೀಕ್ಷೆಗೆ ಕಳುಹಿಸಿದಾಗಲೇ ಅದರ ಶಕ್ತಿಯು ಹೊರಬಿದ್ದಿತು. ಮನ್ರೋ ವಾಲ್ ಎಂಬ ರಸಾಯನಶಾಸ್ತ್ರಜ್ಞರು ಅದರ ಬೆನ್ನು ಬಿಡಲಿಲ್ಲ. ಉತ್ತರ ಕೆರೊಲಿನಾದಲ್ಲಿ ಅವರೊಡನೆ ದುಡಿದ ಮನ್ಸುಖ್ ವಾನಿಯವರು ನಂದುರಬಾರದವರು, ಮುಂಬಯಿ ವಿಶ್ವವಿದ್ಯಾಲಯದ ಪದವೀಧರರು. 'ಕ್ಯಾಂಪ್ಟೊಥೆಸಿನ್' ಎಂಬ ಈ ಸಸ್ಯದ್ರವ್ಯದ ರಚನೆಯು 1966ರಲ್ಲಿ ಪ್ರಕಟವಾಯಿತು.

ಆರು ವರ್ಷಗಳಾದ ಮೇಲೆ, 1972ರಲ್ಲಿ, ಗೋರೆಗಾಂವಿನಲ್ಲಿದ್ದ ಸೀಬಾ ಸಂಶೋಧನ ಕೇಂದ್ರದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಅದೇ ದ್ರವ್ಯವು ನಮ್ಮ ದುರ್ವಾಸನೆಯ ಮರದಲ್ಲಿಯೂ ಇದೆಯೆಂದು ತೋರಿಸಿಕೊಟ್ಟರು. ಎರಡು ಮರಗಳೂ ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಇಷ್ಟು ಜಟಿಲವಾದ ಒಂದೇ ದ್ರವ್ಯವನ್ನು ಎರಡೂ ಹೇಗೆ ನಿರ್ಮಿಸುತ್ತವೆಯೋ ಸೋಜಿಗ! ಶೋಧವು ನಡೆದ ಊರಿನಲ್ಲಿಯೇ ಇರುವ ನಾವು ಗೋವಿಂದಾಚಾರಿಯವರ ಹೆಸರನ್ನು ಮರೆತಿರುವುದು ವಿಷಾದಕರ.

ಅಷ್ಟರಲ್ಲಿ ಅಮೇರಿಕದಲ್ಲಿ ರೋಗಿಗಳ ಮೇಲೆ ಪ್ರಯೋಗಗಳು ನಡೆದಿದ್ದವು. ದ್ರವ್ಯವು ನೀರಿನಲ್ಲಿ ಕರಗದ ಕಾರಣ ಅದನ್ನು ಸೋಡಿಯಂ ಲವಣವಾಗಿ ಮಾರ್ಪಡಿಸಿ ಕೊಡಲಾಯಿತು. ಮೂತ್ರಕೋಶದಲ್ಲಿ ರಕ್ತಸ್ರಾವ, ಭೇದಿ, ರಕ್ತಕಣಗಳ ಕ್ಷಯ ಮೊದಲಾದ ಉಪದ್ರವಗಳು ಕಂಡುಬಂದು, 1970ರ ದಶಕದಲ್ಲಿಯೇ ಪ್ರಯೋಗಗಳು ನಿಂತುಹೋದವು. ಶುದ್ಧ ದ್ರವ್ಯವನ್ನು ತೂಗಿ ಅಳೆದು ಆಸ್ಪತ್ರೆಯಲ್ಲಿ ಕೊಟ್ಟಾಗಿನ ಪರಿಣಾಮವಿದು ಎಂಬುದನ್ನು ವಾಚಕರು ಲಕ್ಷಿಸಬೇಕು. ಜೀವಕೋಶವು ವಿಭಜನೆಯಾಗುವಾಗ ಡಿಎನ್‌ಎ ಎಳೆಯ ತೊಡಕನ್ನು ಬಿಡಿಸುವ ಒಂದು ಕಿಣ್ವವನ್ನು ಕ್ಯಾಂಪ್ಟೊಥೆಸಿನ್ ಕಟ್ಟಿಹಾಕುತ್ತದೆಯೆಂದು 1985ರಲ್ಲಿ ತಿಳಿದುಬಂದ ಮೇಲೆ ಆಸಕ್ತಿಯು ಮರಳಿ ಚಿಗುರಿತು. ಅದನ್ನು ಪರಿಷ್ಕರಿಸಿ ಸಿದ್ಧಪಡಿಸಿದ ಟೋಪೊಟಿಕಾನ್, ಇರಿನೊಟಿಕಾನ್ ಎಂಬ ಎರಡು ಔಷಧಗಳಿಗೆ 1996ರಲ್ಲಿ ಅಮೇರಿಕದ ಮನ್ನಣೆ ದೊರೆಯಿತು. ಆದರೆ ಅವು ಮನ್ನಣೆ ಪಡೆದುದು ಅಂಡಾಶಯ ಮತ್ತು ದೊಡ್ಡ ಕರುಳಿನ ಅರ್ಬುದಗಳಿಗೆ, ಮಿದುಳಿನದಕ್ಕಲ್ಲ.

ಮಿದುಳಿನ ಪ್ರಶ್ನೆಯೇ ಬೇರೆ. 1885ರಲ್ಲಿ ಪಾಲ್ ಎರ್ಲಿಕ್ ಅವರು ಪ್ರಾಣಿಗಳ ರಕ್ತಕ್ಕೆ ಬಣ್ಣವನ್ನು ಸೇರಿಸಿದಾಗ ಇತರ ಅಂಗಗಳೆಲ್ಲ ಬಣ್ಣವೇರಿದರೂ ಮಿದುಳು ಮಾತ್ರ ಬಿಳಿದಾಗಿ ಉಳಿಯಿತು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್, ಮಿದುಳನ್ನು ಆವರಿಸಿದ ದ್ರವಕ್ಕೇ ಬಣ್ಣವನ್ನು ಸೇರಿಸಲು ಫಲವು ತಿರುವುಮುರುವಾಯಿತು. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಯಿದೆಯೆಂಬ ತಿಳಿವಳಿಕೆಗೆ ಈ ಪ್ರಯೋಗಗಳೇ ಬುನಾದಿ. ವಿಷವನ್ನು ತಡೆಯುವ ಈ ಏರ್ಪಾಡು ಔಷಧವನ್ನೂ ತಡೆಯುತ್ತದೆ; ನಿತ್ಯಪುಷ್ಪದ ಗಿಡದಿಂದ ದೊರೆತ ವಿನ್‌ಕ್ರಿಸ್ಟೀನಿಗೂ ಇದೇ ಅಡ್ಡಿ. ಮಿದುಳಿನ ಅತ್ಯುಗ್ರ ಅರ್ಬುದವಾದ ಗ್ಲಯೋಬ್ಲಾಸ್ಟೋಮವು ಮರುಕಳಿಸಿದ 167 ರೋಗಿಗಳ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು. ಬೆವಸಿಝುಮಾಬ್ ಎಂಬ ಔಷಧವನ್ನಷ್ಟೇ ಪಡೆದವರ ಮಧ್ಯಕ ಆಯುಸ್ಸು 9.2 ತಿಂಗಳು; ಅದರೊಡನೆ ಇರಿನೊಟಿಕಾನನ್ನೂ ಪಡೆದವರದು 8.7. ಲೆಕ್ಕಪತ್ರವನ್ನೇ ನೋಡುತ್ತ ಬಾಳಿದ ನನಗೆ ಈ ಎರಡು ಅಂಕಿಗಳು ಬೇರೆ ವ್ಯಾಖ್ಯಾನವನ್ನು ಬೇಡಲಿಲ್ಲ.

ಹಾಗೆಂದು ಕಡತವು ಮುಚ್ಚಿಹೋಗಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರು ಚರ್ಮದ ಕೆಳಗೆ ಚಿಕ್ಕ ಪಂಪನ್ನು ಇರಿಸಿ, ತೆಳುವಾದ ನಳಿಕೆಯ ಮೂಲಕ ಟೋಪೊಟಿಕಾನನ್ನು ನೇರವಾಗಿ ಗಡ್ಡೆಯೊಳಗೇ ಹರಿಸಿದರು. 2022ರಲ್ಲಿ ಪ್ರಕಟವಾದ ವರದಿಯಂತೆ, ವಿಭಜನೆಯಾಗುತ್ತಿದ್ದ ಅರ್ಬುದಕೋಶಗಳು ಕಡಮೆಯಾದವು. ರೋಗಿಗಳು ಐವರು. ಆಯುಸ್ಸು ಬೆಳೆಯಿತೇ ಎಂದು ನಿರ್ಣಯಿಸಲು ಆ ಸಂಖ್ಯೆ ಸಾಲದು. ತಡೆಯನ್ನು ಬಳಸಿ ಹೋಗಲು ದಾರಿಯುಂಟೆಂಬುದಕ್ಕೆ ಸಾಕು.

ಇತ್ತ ಘಟ್ಟದಲ್ಲಿ ಪರದೇಶದ ಬೇಡಿಕೆಗಾಗಿ ಮರಗಳು ಉರುಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಮರಗಳನ್ನು ಪರೀಕ್ಷಿಸಿ, ಒಂದಕ್ಕೂ ಇನ್ನೊಂದಕ್ಕೂ ದ್ರವ್ಯದ ಪ್ರಮಾಣದಲ್ಲಿ ಬಹಳ ಅಂತರವಿರುವುದನ್ನು ಕಂಡಿದ್ದಾರೆ. ಹೀಗಿರಲು ಒಂದು ಚಮಚ ಪುಡಿಯಲ್ಲಿ ಎಷ್ಟು ವಿಷವಿದೆಯೆಂಬುದನ್ನು ಮಾರುವವನೂ ಅರಿಯನು. ಇದನ್ನೆಲ್ಲ ನಾನು ಹೇಳುವ ವೇಳೆಗೆ ನಮ್ಮ ಗ್ರಾಹಕರು ಎರಡು ತಿಂಗಳಿಗಾಗುವಷ್ಟನ್ನು ಕೊಂಡಾಗಿತ್ತು. ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿರೆಂದು ಬೇಡಿಕೊಂಡೆ. ತೋರಿಸಿದರು; ಡಾಕ್ಟರು ಅದನ್ನು ಹಿಂದಕ್ಕೆ ಕೊಡಲಿಲ್ಲವಂತೆ.