ಅಳತೆಗೆ ತಕ್ಕ ಕೋವಿ

19ನೇ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಸಿರಿವಂತರು ದರ್ಜಿಗೆ ಕೋಟಿನ ಅಳತೆ ಕೊಟ್ಟಂತೆ ಕೋವಿಗೂ ಅಳತೆ ಕೊಡುತ್ತಿದ್ದರು. 1814ರಲ್ಲಿ ಶುರುವಾದ ಪರ್ಡಿ, 1835ರ ಹಾಲೆಂಡ್ ಅಂಡ್ ಹಾಲೆಂಡ್‌ನಂಥ ಅಂಗಡಿಗಳಲ್ಲಿ ಗಿರಾಕಿಯ ತೋಳು, ಕತ್ತು, ಭುಜ, ಕೆನ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತಿದ್ದವು.

ಇದು ಬರೀ ಷೋಕಿಯಲ್ಲ. ರೈಫಲ್ಲಿಗೆ ಗುರಿ ಹಿಡಿಯಲು ಹಿಂದೊಂದು, ಮುಂದೊಂದು ಗುರುತು ಇರುತ್ತದೆ. ಚರೆ ಹಾರಿಸುವ ಶಾಟ್‌ಗನ್ನಿಗೆ ನಳಿಗೆಯ ತುದಿಯಲ್ಲಿ ಸಣ್ಣ ಮಣಿಯಷ್ಟೇ. ಹಿಂದಿನ ಗುರುತು ಹೊಡೆಯುವವನ ಕಣ್ಣೇ. ಕೆನ್ನೆ ಊರುವ ಮರದ ಬಟ್ಟು ಎತ್ತರವಾದರೆ ಚರೆ ಗುರಿಯ ಮೇಲೆ ಹಾರುತ್ತದೆ, ತಗ್ಗಾದರೆ ಕೆಳಗೆ. ಬಟ್ಟು ಉದ್ದವಾದರೆ ಕೋವಿ ಎತ್ತುವಾಗ ಅಂಗಿಗೆ ಸಿಕ್ಕಿಕೊಳ್ಳುತ್ತದೆ. ಗಿಡ್ಡವಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ.

1851ರ ಲಂಡನ್ ಮಹಾಪ್ರದರ್ಶನಕ್ಕೆ ಫ್ರಾನ್ಸಿನ ಲೆಫೋಷೆಯ ಕೋವಿ ಬಂತು. ಅದಕ್ಕೆ ಹಿಂಬದಿಯಿಂದ ತೋಟಾ ತುಂಬಬಹುದಿತ್ತು. ಬೇಗ ಬೇಗ ತುಂಬಿ ಹೊಡೆಯಬಹುದಾದ್ದರಿಂದ ಬೇಟೆಯ ರೀತಿಯೇ ಬದಲಾಯಿತು. ಸೋವುವವರು ಪೊದೆ ಬಡಿದು ಎಬ್ಬಿಸಿದ ಫೆಸೆಂಟ್ ಹಕ್ಕಿಗಳು ತಲೆಯ ಮೇಲೆ ರೊಯ್ಯನೆ ಹಾರಿಹೋಗುವಾಗ ಗುರಿ ನೋಡಲು ಪುರಸೊತ್ತೆಲ್ಲಿ? ಕಣ್ಣು ನೋಡಿದ ಕಡೆಗೇ ನಳಿಗೆ ತಿರುಗಬೇಕು.

ಆ ಅಳತೆ ಹಿಡಿಯಲು ಹುಟ್ಟಿದ್ದೇ ಟ್ರೈ-ಗನ್. ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯೂ. ಪಿ. ಜೋನ್ಸ್ 1880ರ ದಶಕದ ಕೊನೆಗೆ ಇದನ್ನು ಬಳಕೆಗೆ ತಂದ. ಸ್ಕ್ರೂ ತಿರುಗಿಸಿದರೆ ಇದರ ಬಟ್ಟು ಉದ್ದವಾಗುತ್ತದೆ, ತಗ್ಗುತ್ತದೆ, ಪಕ್ಕಕ್ಕೆ ವಾಲುತ್ತದೆ. 1901ರಲ್ಲಿ ತೆರೆದ ವೆಸ್ಟ್ ಲಂಡನ್ ಶೂಟಿಂಗ್ ಸ್ಕೂಲಿನಂಥ ಕಡೆ ಪರೀಕ್ಷೆ ನಡೆಯುತ್ತಿತ್ತು. ಗಿರಾಕಿ ಸುಣ್ಣ ಬಳಿದ ಕಬ್ಬಿಣದ ಹಲಗೆಗೆ 16 ಗಜ ದೂರದಿಂದ ಥಟ್ಟನೆ ಕೋವಿ ಎತ್ತಿ ಹೊಡೆಯಬೇಕು. ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ. ಹಾಗಾಗಿ ಹಲಗೆಯ ಮೇಲೆ ಚರೆ ಒಂದು ಇಂಚು ಸರಿದಿದ್ದರೆ ಬಟ್ಟನ್ನು ಇಂಚಿನ 16ನೇ ಒಂದು ಪಾಲು ತಿದ್ದಿದರೆ ಸಾಕು.

ತಿದ್ದುವುದು ಕುಶಲಿಗರ ಕೆಲಸ. ವಾಲ್‌ನಟ್ ಮರದ ಬಟ್ಟಿನ ಕತ್ತಿಗೆ ಬಿಸಿ ಎಣ್ಣೆ ಕುಡಿಸಿ, ಮೆತ್ತಗಾದಾಗ ಮೆಲ್ಲಗೆ ಬಗ್ಗಿಸಿ, ಆರುವ ತನಕ ಬಿಗಿದಿಡುತ್ತಿದ್ದರು. ಬಲಗಣ್ಣು ಕಳೆದುಕೊಂಡವರಿಗೆ ಬಟ್ಟನ್ನು ಎಷ್ಟು ಸೊಟ್ಟ ಮಾಡುತ್ತಿದ್ದರೆಂದರೆ, ಬಲಭುಜಕ್ಕೆ ಆನಿಸಿದ ಕೋವಿಯ ನಳಿಗೆ ಎಡಗಣ್ಣಿನ ಮುಂದೆ ಬಂದು ನಿಲ್ಲುತ್ತಿತ್ತು.

ಲಂಡನ್ನಿನ ಕೋವಿ ತಯಾರಕ ರಾಬರ್ಟ್ ಚರ್ಚಿಲ್ ನಳಿಗೆಯ ಉದ್ದವನ್ನೂ ಬಿಡಲಿಲ್ಲ. 30 ಇಂಚಿನ ನಳಿಗೆ ವಾಡಿಕೆಯಲ್ಲಿದ್ದಾಗ ಆತ 25 ಇಂಚಿನದನ್ನು ತಂದ. ಅದನ್ನು ಬೇಗ ತಿರುಗಿಸಬಹುದೆಂಬುದು ಅವನ ವಾದ.

ಇಂದು ಕಾರ್ಖಾನೆಯ ಕೋವಿಗಳು ಸರಾಸರಿ ಮೈಕಟ್ಟಿನ ಲೆಕ್ಕದಲ್ಲಿ ಬರುತ್ತವೆ. ಆದರೂ ಹಾರುವ ಬಿಲ್ಲೆಗೆ ಹೊಡೆಯುವ ಟ್ರ್ಯಾಪ್ ಸ್ಪರ್ಧಿಗಳ ಎಷ್ಟೋ ಕೋವಿಗಳಲ್ಲಿ ಕೆನ್ನೆಯಾಸರೆಯನ್ನು ಸ್ಕ್ರೂ ಸಡಿಲಿಸಿ ಏರಿಸಬಹುದು, ಇಳಿಸಬಹುದು.