ಭಯದ ಕಥೆಗಳೂ ಓದುಗರ ಭಿನ್ನಾಭಿಪ್ರಾಯಗಳೂ

ಒಂದೇ ಪುಸ್ತಕವನ್ನು ಒಬ್ಬನು ಊಟ ನಿದ್ರೆಗಳನ್ನು ಮರೆತು ಓದುವನು. ಇನ್ನೊಬ್ಬನು ಎರಡು ಪುಟ ತಿರುವಿ ಬದಿಗಿಡುವನು. ಇದರಲ್ಲಿ ಹೊಸತೇನೂ ಇಲ್ಲ. ಆದರೆ ಭೂತ, ಪಿಶಾಚಿ, ಕೊಲೆ, ಮಾಟ ಮೊದಲಾದುವನ್ನು ವಸ್ತುವಾಗಿ ಉಳ್ಳ ಕಾದಂಬರಿಗಳ ವಿಚಾರದಲ್ಲಿ ಈ ಭಿನ್ನಾಭಿಪ್ರಾಯವು ರುಚಿಯ ಮಾತಾಗಿ ಮಾತ್ರ ನಿಲ್ಲದೆ ನೀತಿಯ ಮಾತೂ ಆಗುತ್ತದೆ. ಪಾಠಶಾಲೆಯ ಒಳಗಂತೂ ಅದು ಶಿಕ್ಷೆಯ ಮಾತಾಗಿಬಿಡುತ್ತದೆ. ಅಂಥ ಶಿಕ್ಷೆಯೊಂದನ್ನು ವಿಧಿಸಿದವರು ನಾವೇ ಆದುದರಿಂದ, ಈ ವಿಷಯದ ಚರಿತ್ರೆಯನ್ನು ಸ್ವಲ್ಪ ಅವಲೋಕಿಸಬೇಕೆಂದು ನಮಗೆ ತೋರಿತು.

ನಡೆದುದಿಷ್ಟು. ನಮ್ಮ ಐದನೆಯ ತರಗತಿಯ ಬಾಲಕನೊಬ್ಬನು ಪಠ್ಯಪುಸ್ತಕದ ಮರೆಯಲ್ಲಿ ಏನನ್ನೋ ಇಟ್ಟುಕೊಂಡು ಓದುತ್ತಿದ್ದನು. ತೆಗೆದು ನೋಡಿದರೆ ರಟ್ಟು ಕಿತ್ತುಹೋದ ಹಳೆಯ ಪತ್ತೇದಾರಿ ಕಾದಂಬರಿ. ನಾವು ಅದನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಅವನನ್ನು ನಿಲ್ಲಿಸಿದೆವು. ಮರುದಿನ ಸಂಜೆ ಅವನ ಅಜ್ಜನವರು ಬಂದರು. “ಮೇಷ್ಟ್ರೇ, ತಪ್ಪು ಅವನದಲ್ಲ. ಪುಸ್ತಕ ನಾನೇ ಕೊಟ್ಟದ್ದು. ಪಾಠದ ಪುಸ್ತಕ ಬಿಟ್ಟರೆ ನಮ್ಮ ಮನೆಯಲ್ಲಿ ಕನ್ನಡದಲ್ಲಿ ಇರುವುದು ಅದೊಂದೇ. ಅಕ್ಷರ ಕೂಡಿಸಲು ತಡವರಿಸುತ್ತಿದ್ದವನು ಈಗ ರಾತ್ರಿ ನನಗೇ ಓದಿ ಹೇಳುತ್ತಾನೆ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕಿತ್ತುಕೊಂಡುದು ಒಂದು ಕೀಳು ಪುಸ್ತಕವನ್ನೋ, ಒಬ್ಬ ಬಾಲಕನ ಕನ್ನಡ ಓದನ್ನೋ ಎಂಬ ಸಂದೇಹವು ಅಂದಿನಿಂದ ನಮ್ಮನ್ನು ಬಿಡಲಿಲ್ಲ.

ಭಯಾನಕ ಕಥೆಗಳು ಪರದೇಶದಿಂದ ಬಂದ ಪಿಡುಗೆಂದು ಹೇಳುವವರುಂಟು. ಆದರೆ 10ನೆಯ ಶತಮಾನದ ಕೊನೆಯ ಭಾಗದ ಮಹಾಕವಿ ರನ್ನನ ‘ಗದಾಯುದ್ಧ’ವನ್ನು ಓದಿದವರು, ಹೆಣಗಳ ರಾಶಿಯ ನಡುವೆ ನಡೆದುಹೋಗುವ ದುರ್ಯೋಧನನನ್ನೂ ಅಲ್ಲಿ ಕುಣಿಯುವ ಮರುಳುಗಳನ್ನೂ ಮರೆಯಲಾರರು. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಚಂಡಮಾರಿಯ ಗುಡಿಯೂ ಬಲಿಯ ಸಿದ್ಧತೆಯೂ ಎದೆ ನಡುಗಿಸುವಂತಿವೆ. ಆದರೂ ಆ ಕಾವ್ಯದ ಗುರಿ ಅಹಿಂಸೆ. ರಕ್ತವನ್ನು ವರ್ಣಿಸಿದ ಮಾತ್ರಕ್ಕೆ ಗ್ರಂಥವು ಕೀಳಾಗುವುದಾದರೆ ಇವೆರಡನ್ನೂ ಶಾಲೆಯಿಂದ ಹೊರಗಿಡಬೇಕಾಗುತ್ತದೆ.

ಇನ್ನು ಬೇತಾಳನ ಕಥೆಗಳಂತೂ ಎಳೆಯರೂ ಬಲ್ಲ ಕಥೆಗಳು. ರಾಜನು ಸ್ಮಶಾನದ ಮರದಿಂದ ಹೆಣವನ್ನಿಳಿಸಿ ಹೆಗಲಿಗೇರಿಸುವನು. ಹೆಣದೊಳಗಿನ ಬೇತಾಳವು ಕಥೆ ಹೇಳಿ ಕೊನೆಗೆ ಪ್ರಶ್ನೆ ಕೇಳುವುದು. ಉತ್ತರ ಬಲ್ಲವನಾಗಿಯೂ ಸುಮ್ಮನಿದ್ದರೆ ತಲೆ ಸಿಡಿಯುವುದು. ಉತ್ತರ ಕೊಟ್ಟರೆ ಮೌನ ಮುರಿದುದರಿಂದ ಬೇತಾಳವು ಮರಳಿ ಮರವನ್ನೇರುವುದು. 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ‘ಕಥಾಸರಿತ್ಸಾಗರ’ದಲ್ಲಿ ಈ ಇಪ್ಪತ್ತೈದು ಕಥೆಗಳನ್ನೂ ಸೇರಿಸಿದನು. 1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲನು ಇವುಗಳಲ್ಲಿ ಹನ್ನೊಂದನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ ‘ವ್ಯಾಂಪೈರ್’ ಎಂಬ ಹೆಸರನ್ನಿಟ್ಟನು. ವ್ಯಾಂಪೈರ್ ಎಂದರೆ ಯೂರೋಪಿನ ರಕ್ತಪಿಶಾಚಿ. ನಮ್ಮ ಬೇತಾಳವು ಹೆಣವನ್ನು ಹೊಗುವುದೇ ಹೊರತು ಅದರಂತೆ ರಕ್ತವನ್ನು ಹೀರುತ್ತ ತಿರುಗುವುದಿಲ್ಲ. ಆದರೂ ಆಂಗ್ಲ ಓದುಗರ ಮನಸ್ಸಿನಲ್ಲಿ ಎರಡಕ್ಕೂ ನಂಟು ಬೆಳೆಯಿತು.

ಆ ಓದುಗರಾದರೂ ರಕ್ತಪಿಶಾಚಿಯ ಕಥೆಗಳನ್ನು ಒಮ್ಮನಸ್ಸಿನಿಂದ ಸ್ವಾಗತಿಸಿದವರಲ್ಲ. 1845ರಿಂದ 1847ರವರೆಗೆ ಲಂಡನ್ನಿನಲ್ಲಿ ‘ವಾರ್ನಿ’ ಎಂಬ ರಕ್ತಪಿಶಾಚಿಯ ಕಥೆಯು ವಾರವಾರವೂ ಒಂದು ಪೆನ್ನಿಯ ಬೆಲೆಗೆ ಕಂತುಗಳಾಗಿ ಮಾರಾಟವಾಗಿ ಇನ್ನೂರಕ್ಕೂ ಮಿಕ್ಕ ಅಧ್ಯಾಯಗಳಾಗಿ ಬೆಳೆಯಿತು. ಹಿಂದೆ ಹೇಳಿದುದು ಮುಂದೆ ಮರೆತುಹೋಗುವಷ್ಟು ಉದ್ದವಾಯಿತು. ಬಡವರ ಮಕ್ಕಳು ಇಂಥವನ್ನು ಓದಿ ಕೆಡುವರೆಂದು ಹಿರಿಯರು ಚಿಂತಿಸಿದರು. ಮಕ್ಕಳು ಓದುವುದನ್ನು ಬಿಡಲಿಲ್ಲ. 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಹೊರಬಂದಾಗಲೂ ಪತ್ರಿಕೆಗಳು ಇಬ್ಭಾಗವಾದುವು. ‘ಡೈಲಿ ಮೇಲ್’ ಅದನ್ನು ಹಿಂದಿನ ಪ್ರಸಿದ್ಧ ಭಯಾನಕ ಕೃತಿಗಳ ಸಾಲಿನಲ್ಲಿಟ್ಟು ಹೊಗಳಿತು. ‘ಅಥೀನಿಯಂ’ ಪತ್ರಿಕೆಯು ರಚನಾಕೌಶಲವೂ ಮೇಲ್ಮಟ್ಟದ ಸಾಹಿತ್ಯದೃಷ್ಟಿಯೂ ಸಾಲದೆಂದಿತು. ಈ ಎರಡು ತೀರ್ಪುಗಳೂ ಇಂದು ಚರಿತ್ರೆಯಲ್ಲಿ ಅಕ್ಕಪಕ್ಕದಲ್ಲಿ ಉಳಿದಿವೆ, ಪುಸ್ತಕವೂ ಉಳಿದಿದೆ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವೊಂದುಂಟು. ಅಮೆರಿಕದ ಆ್ಯನ್ ರೈಸ್ ಎಂಬ ಲೇಖಕಿಯು 1976ರಲ್ಲಿ ರಕ್ತಪಿಶಾಚಿಯೇ ತನ್ನ ಜೀವನಕಥೆಯನ್ನು ಹೇಳುವ ಕಾದಂಬರಿಯನ್ನು ಪ್ರಕಟಿಸಿದರು. ಅದು 2018ರ ವೇಳೆಗೆ ಹದಿಮೂರು ಪುಸ್ತಕಗಳ ಮಾಲಿಕೆಯಾಯಿತು. ಮೊದಲಿನವೇ ಚೆನ್ನೆಂದು ಕೆಲವರು, ಪಾತ್ರಗಳ ಮೇಲಿನ ಮಮತೆಯಿಂದ ಎಲ್ಲವೂ ಬೇಕೆಂದು ಕೆಲವರು ವಾದಿಸಿದರು. 2003ರಲ್ಲಿ ಬಂದ ಹತ್ತನೆಯ ಪುಸ್ತಕವನ್ನು ಹಲವು ಓದುಗರು ನಿಷ್ಠುರವಾಗಿ ಖಂಡಿಸಿದಾಗ, ಲೇಖಕಿಯು ಮರುವರ್ಷ ಅವರಿಗೆ ನೀಳವೂ ಖಾರವೂ ಆದ ಪ್ರತ್ಯುತ್ತರವನ್ನು ಬರೆದರು. ಉದ್ದವಾದ ಮಾಲಿಕೆಯಲ್ಲಿ ಓದುಗನು ಬರಿಯ ಅತಿಥಿಯಾಗಿ ಉಳಿಯದೆ ಮನೆಯವನೇ ಆಗಿಬಿಡುವನು. ಮನೆಯವನಾದುದರಿಂದಲೇ ಸಾರಿಗೆ ಉಪ್ಪು ಸಾಲದೆಂದು ಧೈರ್ಯವಾಗಿ ಹೇಳುವನು.

ಈಗ ಕನ್ನಡಕ್ಕೆ ಬರೋಣ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಎಂಬ ಕಾದಂಬರಿಯು ಬಂದಿತು. ಬರೆದವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆಯ ಓದು ಕಂಡಿದ್ದ ಅವರು 2011ರಲ್ಲಿ ತೀರಿಕೊಳ್ಳುವ ವೇಳೆಗೆ ನೂರಾರು ಪತ್ತೇದಾರಿ ಕಾದಂಬರಿಗಳನ್ನು ರಚಿಸಿದ್ದರು. ವಿದ್ವಾಂಸರು ಇವನ್ನು ಸಾಹಿತ್ಯವೆಂದು ಎಣಿಸಲಿಲ್ಲ. ಸನ್ನಿವೇಶಗಳು ಮರುಕಳಿಸುತ್ತವೆ, ಪಾತ್ರಗಳು ಬೆಳೆಯುವುದಿಲ್ಲ, ಕುತೂಹಲವೊಂದೇ ಬಂಡವಾಳ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಪರಭಾಷೆಯ ಪುಸ್ತಕಗಳು ತುಂಬಿದ್ದ ಅಂದಿನ ಬೆಂಗಳೂರಿನ ಅಂಗಡಿಗಳಲ್ಲಿ ಸಾಮಾನ್ಯನ ಕೈಗೆ ಕನ್ನಡ ಪುಸ್ತಕವನ್ನು ಕೊಟ್ಟವರು ಇವರೆಂದು ಕೃತಜ್ಞತೆಯಿಂದ ನೆನೆಯುವವರೂ ಅನೇಕರು. ಅದೇ ಬಗೆಯ ಕಾದಂಬರಿಗಳನ್ನು ಬರೆಯುತ್ತಿದ್ದ ಮ. ರಾಮಮೂರ್ತಿಯವರೇ 1960ರ ದಶಕದಲ್ಲಿ ಹಳದಿ ಕೆಂಪು ಬಣ್ಣಗಳ ಕನ್ನಡ ಬಾವುಟವನ್ನು ರೂಪಿಸಿದರೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಪತ್ತೇದಾರಿ ಕಥೆ ಬರೆದ ಕೈಗೆ ಭಾಷಾಭಿಮಾನವಿಲ್ಲವೆಂದು ಹೇಳಲಾಗದು.

1980ರ ದಶಕದ ಆದಿಯಲ್ಲಿ ಎದ್ದ ವಿವಾದವು ಇದಕ್ಕಿಂತ ತೀವ್ರವಾದುದು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಎಂಬ ತೆಲುಗು ಕಾದಂಬರಿಯು ಎಳೆಯ ಹುಡುಗಿಯೊಬ್ಬಳ ಮೇಲೆ ನಡೆಯುವ ಕ್ಷುದ್ರಪ್ರಯೋಗದ ಕಥೆ. ಅದಕ್ಕೆ ‘ತುಳಸಿ’ ಎಂಬ ಮುಂದಿನ ಭಾಗವೂ ಬಂದಿತು. ಕನ್ನಡಕ್ಕೆ ಅನುವಾದವಾಯಿತು; 1985ರಲ್ಲಿ ‘ತುಳಸಿದಳ’ ಕನ್ನಡ ಚಲನಚಿತ್ರವೂ ಆಯಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ನಮ್ಮ ಹೊಸೂರು, ಡೆಂಕಣಿಕೋಟೆ, ತಳಿಗಳ ಕಡೆಯವರಿಗೆ ಇಂಥ ಪುಸ್ತಕಕ್ಕೆ ಅನುವಾದವನ್ನು ಕಾಯಬೇಕಾದ ಅಗತ್ಯವೂ ಇರಲಿಲ್ಲ. ರಾತ್ರಿ ದೀಪವಾರಿಸಲು ಹೆದರುವಂತೆ ಬರೆದಿದ್ದಾರೆಂದು ಒಂದು ಪಕ್ಷವು ಮೆಚ್ಚಿತು. ಮಾಟವು ನಿಜವೆಂಬ ನಂಬಿಕೆಯನ್ನು ವಿದ್ಯಾವಂತರಲ್ಲಿಯೂ ಬಿತ್ತುತ್ತದೆಂದು ಇನ್ನೊಂದು ಪಕ್ಷವು ಸಿಟ್ಟಾಯಿತು. ಈ ಸಿಟ್ಟನ್ನು ಹಗುರವಾಗಿ ಕಾಣಲಾಗದು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದ್ದ ನಾಡಿದು. ಪತ್ತೇದಾರಿ ಕಥೆಯಲ್ಲಿ ಬಹುಮಟ್ಟಿಗೆ ರಹಸ್ಯವು ಬುದ್ಧಿಯಿಂದ ಬಿಡಿಸಲ್ಪಡುವುದು. ದೆವ್ವದ ಮುಸುಕಿನೊಳಗೆ ಕಳ್ಳನು ಸಿಕ್ಕಿಬೀಳುವನು. ಮಾಟದ ಕಥೆಯಲ್ಲಿಯೋ ಸಂದೇಹವು ಉಳಿದುಕೊಳ್ಳುವುದು. ಮಕ್ಕಳ ಕೈಗೆ ಪುಸ್ತಕ ಕೊಡುವ ಉಪಾಧ್ಯಾಯರು ಈ ಭೇದವನ್ನು ಅರಿತಿರಬೇಕು.

ನಮ್ಮ ಸೀಮೆಯ ಮಟ್ಟಿಗೆ ಇನ್ನೊಂದು ವಿಚಾರವುಂಟು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಲ್ಲಿದ್ದುದು 1965ರಲ್ಲಿ ಧರ್ಮಪುರಿಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. 2006ರ ಕಾಯಿದೆಯಂತೆ ಒಂದನೆಯ ತರಗತಿಯಿಂದ ಮೊದಲುಗೊಂಡು ತಮಿಳು ಕಡ್ಡಾಯವಾಯಿತು. ನಾವು ತಮಿಳನ್ನು ಪ್ರೀತಿಯಿಂದಲೇ ಕಲಿತವರು. ಅದನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಬಾಲಕನ ಹೊತ್ತು ಹಂಚಿಹೋಗುವಾಗ ಕನ್ನಡವು ಪರೀಕ್ಷೆಯ ಪುಸ್ತಕವೊಂದರಲ್ಲಿ ಮಾತ್ರ ಉಳಿಯುವ ಭಯವಿದೆ. ಡ್ರಾಕುಲಾನಿಗಿಂತ ಈ ಭಯವೇ ನಮಗೆ ದೊಡ್ಡದು.

ಹಿಂದೆ ಇಷ್ಟು ಕೊರತೆಯಿರಲಿಲ್ಲ. 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿದ ‘ಚಂದಮಾಮ’ವು 1949ರಿಂದ ಕನ್ನಡದಲ್ಲಿಯೂ ಬಂದಿತು. ಮೂಲದ ಇಪ್ಪತ್ತೈದು ಕಥೆಗಳು ಸಾಲದೆ ಅದೇ ಚೌಕಟ್ಟಿನಲ್ಲಿ ಹೊಸ ಬೇತಾಳ ಕಥೆಗಳನ್ನು ಹೊಂದಿಸಿ ದಶಕಗಳ ಕಾಲ ಪ್ರಕಟಿಸಿತು. ಕಲಾವಿದ ಶಂಕರರು ಬರೆದ, ಹೆಣವನ್ನು ಹೊತ್ತ ರಾಜನ ಚಿತ್ರವನ್ನು ಮೂರು ಭಾಷೆಯ ಮಕ್ಕಳೂ ನೋಡುತ್ತಿದ್ದರು. ಕೆಳಗಿನ ಅಕ್ಷರ ಮಾತ್ರ ಬೇರೆ. ಆ ಪತ್ರಿಕೆ ಈಗ ನಿಂತುಹೋಗಿದೆ.

ಬೇತಾಳನ ಕಥೆಯು ಮುಗಿಯುವುದು ಹೇಗೆಂಬುದನ್ನು ವಾಚಕರು ನೆನೆಯಬೇಕು. ರಾಜನು ಉತ್ತರ ಕೊಡುತ್ತಿದ್ದಷ್ಟು ಕಾಲವೂ ಕಥೆಯ ಮೇಲೆ ಕಥೆ ಹುಟ್ಟಿತು. ಕಡೆಯ ಪ್ರಶ್ನೆಗೆ ಉತ್ತರ ತಿಳಿಯದೆ ಅವನು ಮೌನವಾದನು; ಅಲ್ಲಿಗೆ ಮಾಲಿಕೆಯೂ ಮುಗಿಯಿತು. ಓದಿನ ಗತಿಯೂ ಹೀಗೆಯೇ ಎಂದು ನಮಗೆ ತೋರುತ್ತದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಜಗಳವಿರುವವರೆಗೆ ಪುಸ್ತಕವೂ ಭಾಷೆಯೂ ನಡೆಯುತ್ತವೆ. ಯಾರೂ ಏನೂ ಹೇಳದ ದಿನ ಬೀರುವಿಗೆ ಬೀಗ ಬೀಳುತ್ತದೆ.

ಆದುದರಿಂದ ನಾವು ಆ ಪುಸ್ತಕವನ್ನು ಬಾಲಕನಿಗೆ ಹಿಂದಿರುಗಿಸಿ ಒಂದು ಕಟ್ಟಳೆಯನ್ನು ಮಾಡಿದೆವು: ಪಾಠದ ವೇಳೆಯಲ್ಲಿ ಓದಕೂಡದು, ಓದಿ ಮುಗಿಸಿದ ಮೇಲೆ ತರಗತಿಯ ಮುಂದೆ ನಿಂತು ಅಭಿಪ್ರಾಯವನ್ನೂ ಅದಕ್ಕೆ ಕಾರಣವನ್ನೂ ಹೇಳಬೇಕು. ಶುಕ್ರವಾರ ಮಧ್ಯಾಹ್ನ ಅವನು ಎದ್ದು ನಿಂತು, “ಮೊದಲು ಬಹಳ ಚೆನ್ನಾಗಿತ್ತು ಸಾರ್. ಕಳ್ಳ ಯಾರೆಂದು ಅರ್ಧದಲ್ಲೇ ತಿಳಿದುಹೋಯಿತು. ಆಮೇಲೆ ಸಪ್ಪೆ” ಎಂದನು. ಹಿಂದಿನ ಸಾಲಿನ ಹುಡುಗಿಯೊಬ್ಬಳು ತಾನೂ ಓದಿ ನೋಡಬೇಕೆಂದು ಆ ಪುಸ್ತಕವನ್ನು ಕೇಳಿದಳು.