ಡಿಕ್ಕಿಯಲ್ಲಿ ಕೂತ ಮಕ್ಕಳು

ಕನ್ನಡದಲ್ಲಿ 'ಡಿಕ್ಕಿ' ಅನ್ನೋದಕ್ಕೆ ಎರಡು ಅರ್ಥ. ಒಂದು, ಗಾಡಿ ಹೋಗಿ ಇನ್ನೊಂದಕ್ಕೆ ಗುದ್ದೋದು. ಇನ್ನೊಂದು, ಕಾರಿನ ಹಿಂದೆ ಸಾಮಾನು ತುಂಬೋ ಜಾಗ. ಎರಡು ಪದಗಳೂ ಬೇರೆ ಬೇರೆ ದಾರಿಯಲ್ಲಿ ನಮ್ಮ ಬಾಯಿಗೆ ಬಂದವು, ಉಚ್ಚಾರ ಮಾತ್ರ ಒಂದೇ ಆಯ್ತು. ನನ್ನ ತಲೆಮಾರಿನ ಹಳ್ಳಿ ಮಕ್ಕಳೆಲ್ಲ ಎರಡನೇ ಡಿಕ್ಕಿಯಲ್ಲಿ ಕೂತು ಊರೂರು ತಿರುಗಿದವರು. ಮೊದಲನೇ ಡಿಕ್ಕಿ ಆಗಿದ್ದರೆ ನಮ್ಮ ಗತಿ ಏನು ಅಂತ ಯಾರೂ ಕೇಳ್ತಿರಲಿಲ್ಲ.

ಈಗ ನಾನು ಕೇಳಬೇಕಾಗಿದೆ. ಮನೆಗೊಂದು ದೊಡ್ಡ ಗಾಡಿ ಬೇಕು. ನನಗಿಬ್ಬರು ಮಕ್ಕಳು, ಒಂದೂವರೆ ವರ್ಷದ್ದೊಂದು, ನಾಲ್ಕು ವರ್ಷದ್ದೊಂದು. ಅಣ್ಣನ ಮಕ್ಕಳಿಬ್ಬರು, ಎಂಟು ಮತ್ತು ಹನ್ನೊಂದು ವರ್ಷದವರು, ಓದೋದಕ್ಕೆ ಅಂತ ಬೆಂಗಳೂರಲ್ಲಿ ನಮ್ಮ ಜೊತೆಗೇ ಇದ್ದಾರೆ. ಅಣ್ಣ ಅತ್ತಿಗೆ ತಿಪಟೂರಿನ ಹತ್ತಿರ ತೋಟ ನೋಡ್ಕೊಂಡಿದ್ದಾರೆ. ಅಪ್ಪ ಅಮ್ಮ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ಸಾಫ್ಟ್‌ವೇರ್‌ನವನು ಏನು ಮಾಡ್ತಾನೆ? ಎಕ್ಸೆಲ್ ಶೀಟು ತೆಗೆದೆ. ಬೆಲೆ, ಮೈಲೇಜು, ಉದ್ದ, ಡಿಕ್ಕಿ ಎಷ್ಟು ಲೀಟರು, ಎಲ್ಲಕ್ಕೂ ಒಂದೊಂದು ಕಾಲಂ. 'ತಲೆ ಎಷ್ಟು' ಅನ್ನೋ ಕಾಲಮ್ಮಿನಲ್ಲಿ 8 ಅಂತ ಬರೆದಿದ್ದೆ. ಅಪ್ಪ ಕನ್ನಡಕ ಹಾಕ್ಕೊಂಡು ನೋಡಿ, "ಮಕ್ಳುನ್ನೆಲ್ಲ ಯಾಕ್ಲಾ ಎಣಿಸ್ತೀಯ? ಅವು ಎಲ್ಲಾರ ಸಂದೀಲಿ ಕೂತ್ಕತವೆ" ಅಂದರು.

ಈ ಒಂದು ಮಾತಿನಲ್ಲಿ ನಮ್ಮ ಗಾಡಿಗಳ ಇತಿಹಾಸವೇ ಇದೆ ಅಂತ ನನಗೆ ಆಮೇಲೆ ಅನ್ನಿಸ್ತು. ನಮ್ಮಲ್ಲಿ ಮಗು ಒಂದು ತಲೆ ಅಲ್ಲ. ಬಸ್ಸಲ್ಲಿ ಅರ್ಧ ಟಿಕೆಟ್ಟು, ಕಾರಲ್ಲಿ ಅದೂ ಇಲ್ಲ. ಅಂಬಾಸಿಡರ್ ಕಾಲದಲ್ಲಿ ಮುಂದೆ ಉದ್ದಕ್ಕೆ ಒಂದೇ ಸೀಟು, ಗೇರು ಸ್ಟೀರಿಂಗಿನ ಪಕ್ಕ, ಹಾಗಾಗಿ ಮುಂದೇ ಮೂರು ಜನ. ಹಿಂದೆ ನಾಲ್ಕು. ಮಕ್ಕಳು ಅವರ ತೊಡೆ ಮೇಲೆ, ಕಾಲ ಸಂದಿಯಲ್ಲಿ. ನಮ್ಮೂರಿಗೆ ಬರ್ತಿದ್ದದ್ದು ಟ್ರ್ಯಾಕ್ಸು. ಧರ್ಮಸ್ಥಳಕ್ಕೆ ಹೊರಟರೆ ದೊಡ್ಡವರು ಮುಂದೆ, ನಾವು ಹುಡುಗರು ಹಿಂಭಾಗದ ಅಡ್ಡ ಸೀಟಲ್ಲಿ ಎದುರುಬದುರು, ನಡುವೆ ಚಿತ್ರಾನ್ನದ ಡಬರಿ. ಶಿರಾಡಿ ಘಾಟಿ ಬಂದಾಗ ಯಾರು ಮೊದಲು ವಾಂತಿ ಮಾಡ್ತಾರೆ ಅಂತ ಪಂಥ. ಗಾಡಿ ಮುಂದಕ್ಕೆ ಹೋಗ್ತಿರುತ್ತೆ, ಕಣ್ಣು ಪಕ್ಕಕ್ಕೆ ನೋಡ್ತಿರುತ್ತೆ, ಹೊಟ್ಟೆ ತಾನೇ ಎಲ್ಲಿಗೆ ಹೋಗಬೇಕು? ಬೆಲ್ಟು ಅನ್ನೋದು ಪ್ಯಾಂಟಿಗೆ ಹಾಕೋದು ಅಂತಲೇ ನಮಗೆ ಗೊತ್ತಿದ್ದದ್ದು.

ಅಮೆರಿಕದಲ್ಲೂ ಇದು ಬೇರೆ ಥರ ಇರಲಿಲ್ಲ. ಅಲ್ಲಿ ದೊಡ್ಡ ಸಂಸಾರದವರ ಗಾಡಿ ಸ್ಟೇಷನ್ ವ್ಯಾಗನ್. ಅದರ ಹಿಂದಿನ ಜಾಗದಲ್ಲಿ ಮಕ್ಕಳು ಕಂಬಳಿ ಹಾಸಿಕೊಂಡು ಮಲಗ್ತಿದ್ದರು, ಇಲ್ಲಾ ಹಿಂಬದಿಗೆ ಮುಖ ಮಾಡಿದ ಸೀಟಲ್ಲಿ ಕೂತು ಹಿಂದೆ ಬರೋ ಕಾರುಗಳಿಗೆ ಕೈ ಬೀಸ್ತಿದ್ದರು. ಬದಲಾವಣೆ ಶುರುವಾಗಿದ್ದು ಕಾರ್ಖಾನೆಯಲ್ಲಿ ಅಲ್ಲ, ಒಬ್ಬ ಮಕ್ಕಳ ಡಾಕ್ಟರಿಂದ. ಟೆನೆಸ್ಸಿ ರಾಜ್ಯದ ರಾಬರ್ಟ್ ಸ್ಯಾಂಡರ್ಸ್ ಅನ್ನೋ ವೈದ್ಯರು ಬೆನ್ನು ಹತ್ತಿದ್ದರಿಂದ, ಚಿಕ್ಕ ಮಕ್ಕಳನ್ನ ಕಾರಲ್ಲಿ ಅವರದ್ದೇ ಸೀಟಿನಲ್ಲಿ ಕಟ್ಟಿ ಕೂರಿಸಬೇಕು ಅನ್ನೋ ಕಾನೂನು 1978ರಲ್ಲಿ ಆ ದೇಶದಲ್ಲೇ ಮೊದಲು ಅಲ್ಲಿ ಜಾರಿಗೆ ಬಂತು. ತಮಾಷೆ ನೋಡಿ, ಅಲ್ಲಿನ ಶಾಸಕರೂ ಅದಕ್ಕೊಂದು ಕಿಂಡಿ ಬಿಟ್ಟಿದ್ದರು: ದೊಡ್ಡವರು ಮಗುವನ್ನ ಕೈಯಲ್ಲಿ ಎತ್ತಿಕೊಂಡಿದ್ದರೆ ಸೀಟು ಬೇಡ ಅಂತ. ತಾಯಿ ಮಡಿಲಿಗಿಂತ ಭದ್ರವಾದ ಜಾಗ ಇನ್ಯಾವುದು ಅನ್ನೋ ವಾದ ಎಲ್ಲ ದೇಶದಲ್ಲೂ ಒಂದೇ. ಆ ಕಿಂಡಿ ಮುಚ್ಚೋದಕ್ಕೆ 1981 ಆಯ್ತು.

ಮಡಿಲಿನ ವಾದಕ್ಕೆ ಬಿಇ ಮೊದಲನೇ ವರ್ಷದ ಲೆಕ್ಕ ಸಾಕು. ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗುದ್ದಿ ನಿಲ್ಲೋದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತೆ ಅಂತ ಇಟ್ಕೊಳ್ಳಿ. ಹತ್ತು ಕೆಜಿ ಮಗು ಆ ಕ್ಷಣದಲ್ಲಿ 140 ಕೆಜಿ ಆಗುತ್ತೆ. ಹೆಚ್ಚೂಕಮ್ಮಿ ಮೂರು ಮೂಟೆ ಸಿಮೆಂಟು. ಯಾವ ತಾಯಿಯ ಕೈಯೂ ಅದನ್ನ ಹಿಡಿಯಲ್ಲ.

1985ರ ಹೊತ್ತಿಗೆ ಅಮೆರಿಕದ ಎಲ್ಲಾ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ಮಗು ಲೆಕ್ಕಕ್ಕೆ ಬಂದದ್ದೇ ತಡ, ಕಾರು ಚಿಕ್ಕದಾಯ್ತು. ಮಾಮೂಲಿ ಕಾರಿನ ಹಿಂದಿನ ಸೀಟಲ್ಲಿ ಎರಡು ಮಕ್ಕಳ ಸೀಟು ಹಿಡಿಯುತ್ತೆ, ಮೂರನೆಯದಕ್ಕೆ ಜಾಗ ಇಲ್ಲ. ಇದೇ ಎಳೆ ಹಿಡಿದು ಜೋರ್ಡನ್ ನಿಕರ್ಸನ್, ಡೇವಿಡ್ ಸಾಲೊಮನ್ ಅನ್ನೋ ಇಬ್ಬರು ಅಧ್ಯಾಪಕರು 2020ರಲ್ಲಿ ಒಂದು ವಿಚಿತ್ರ ಪ್ರಬಂಧ ಬರೆದರು. ಸೀಟಿನ ಕಾನೂನಿಂದಾಗಿ ಎಷ್ಟೋ ಮನೆಗಳಲ್ಲಿ ಮೂರನೇ ಮಗುವೇ ಹುಟ್ಟಲಿಲ್ಲ, 2017ರಲ್ಲಿ ಹಾಗೆ ಸುಮಾರು 8,000 ಹೆರಿಗೆಗಳು ಕಮ್ಮಿಯಾದವು, ಅದೇ ವರ್ಷ ಆ ಕಾನೂನು ಉಳಿಸಿದ ಮಕ್ಕಳು 57 ಅಂತ ಅವರ ಅಂದಾಜು. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಕಾರಿನ ಅಗಲ ಸಂಸಾರದ ಅಗಲವನ್ನ ತೀರ್ಮಾನ ಮಾಡಬಹುದು ಅನ್ನೋ ಯೋಚನೆಯೇ ನನಗೆ ವಾರಗಟ್ಟಲೆ ತಲೆಯಲ್ಲಿ ಕೂತಿತ್ತು.

ಮಿನಿವ್ಯಾನ್ ಅನ್ನೋ ಗಾಡಿ ಹುಟ್ಟಿದ್ದು ಈ ಸಂದರ್ಭದಲ್ಲಿ. ಹ್ಯಾಲ್ ಸ್ಪರ್ಲಿಚ್ ಅನ್ನೋ ಇಂಜಿನಿಯರು ಫೋರ್ಡ್‌ನಲ್ಲಿದ್ದಾಗಲೇ ಇದರ ನಕ್ಷೆ ಇಟ್ಕೊಂಡು ಓಡಾಡಿದ್ದ. ಹೆನ್ರಿ ಫೋರ್ಡ್ ಮೊಮ್ಮಗ ಎರಡನೇ ಹೆನ್ರಿಗೆ ಅದು ಬೇಡವಾಯ್ತು. ಸ್ಪರ್ಲಿಚ್ ಕ್ರೈಸ್ಲರ್ ಸೇರಿದ, ಅವನ ಹಿಂದೆಯೇ ಫೋರ್ಡ್‌ನಿಂದ ಕೆಲಸ ಕಳಕೊಂಡ ಲೀ ಅಯಕೋಕಾ ಕೂಡ 1978ರಲ್ಲಿ ಅಲ್ಲಿಗೇ ಬಂದ. ಕ್ರೈಸ್ಲರ್ ಆಗ ಮುಳುಗೋ ಹಡಗು, ಸರ್ಕಾರದ ಸಾಲದ ಖಾತರಿ ಮೇಲೆ ಉಸಿರಾಡ್ತಿತ್ತು. 1983ರ ನವೆಂಬರಲ್ಲಿ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಡಾಡ್ಜ್ ಕ್ಯಾರವಾನ್ ಮತ್ತು ಪ್ಲಿಮತ್ ವಾಯೇಜರ್ ಹೊರಬಿದ್ದವು. ಒಳಗಿನ ಉಪಾಯ ಸರಳ. ಎಂಜಿನ್ನೂ ಮುಂದೆ, ತಿರುಗೋ ಚಕ್ರಗಳೂ ಮುಂದೆ. ಹಿಂದಿನ ಚಕ್ರಕ್ಕೆ ಶಾಫ್ಟು ಹೋಗೋದೇ ಇಲ್ಲ ಅಂದಮೇಲೆ ನೆಲವನ್ನ ಕೆಳಗೆ ಇಳಿಸಬಹುದು. ನೆಲ ಇಳಿದರೆ ಮಗು ತಾನೇ ಹತ್ತುತ್ತೆ, ಅಜ್ಜಿಗೂ ಸಲೀಸು, ಮನೆ ಗ್ಯಾರೇಜಿನ ಬಾಗಿಲಿಗೂ ತಲೆ ತಾಗಲ್ಲ. ಏಳು ಸೀಟಿನದರಲ್ಲಿ ನಡುವಿನ ಸಾಲಿಗೆ ಎರಡೇ ಸೀಟು, ಹಿಂದೆ ಮೂರು. ಪಕ್ಕದಲ್ಲಿ ಉಳಿದ ಓಣಿಯಲ್ಲಿ ಮಕ್ಕಳು ಹಿಂದಕ್ಕೆ ನಡೆದುಕೊಂಡು ಹೋಗಬಹುದು. 1992ರ ಹೊತ್ತಿಗೆ ಸೀಟಿನ ಬೆನ್ನೊಳಗೇ ಮಡಚಿಟ್ಟ ಮಕ್ಕಳ ಸೀಟು ಬಂತು. ಈ ಗಾಡಿಯಲ್ಲಿ ಮಗು ಒಂದು ತಲೆ.

ನಮ್ಮ ಮಾರುತಿ ವ್ಯಾನು ಬಂದದ್ದೂ ಹೆಚ್ಚೂಕಮ್ಮಿ ಅದೇ ಹೊತ್ತಿಗೆ, 1984ರಲ್ಲಿ. ಓಮ್ನಿ ಅನ್ನೋ ಹೆಸರು ಬಿದ್ದದ್ದು ಆಮೇಲೆ. ಎರಡೂ ವ್ಯಾನೇ, ಎರಡಕ್ಕೂ ಸರಿಯೋ ಬಾಗಿಲು. ಆದರೆ ಇದರ ಜಾತಕ ಬೇರೆ. ಇದು ಜಪಾನಿನ ಸುಜುಕಿ ಕ್ಯಾರಿ, ಅಂದರೆ ಸಾಮಾನು ಸಾಗಿಸೋ ಪುಟ್ಟ ಗಾಡಿ. 796 ಸಿಸಿ ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲಿ, ಮುಂದೆ ಬಾನೆಟ್ಟೇ ಇಲ್ಲ, ಡ್ರೈವರ್ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡು. ಆಂಬುಲೆನ್ಸು, ಹಾಲಿನ ಗಾಡಿ, ಸಿನಿಮಾದಲ್ಲಿ ಹೀರೋಯಿನ್ ಕಿಡ್ನಾಪ್ ಮಾಡೋ ಗಾಡಿ, ಎಲ್ಲ ಅದೇ. ನೀವು ಈ ಸಾಲು ಓದ್ತಿರೋರಲ್ಲಿ ಅರ್ಧ ಜನ ಅದರಲ್ಲೇ ಸ್ಕೂಲಿಗೆ ಹೋಗಿರ್ತೀರಿ, ಬ್ಯಾಗು ಹೊರಗೆ ನೇತಾಡ್ತಾ. ಹೊಸ ಸುರಕ್ಷತಾ ನಿಯಮಗಳಿಗೆ ಒಗ್ಗಿಸೋದಕ್ಕೆ ಆಗದೆ 2019ರಲ್ಲಿ ಅದನ್ನ ನಿಲ್ಲಿಸಿದರು. ಅದರ ತಮ್ಮನಂಥ ಈಕೋವನ್ನ 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಗೋಡೆಗೆ ಗುದ್ದಿಸಿ ನೋಡಿದಾಗ ಸಿಕ್ಕ ನಕ್ಷತ್ರ ಸೊನ್ನೆ.

1994ರ ಟಾಟಾ ಸುಮೋ ಕೂಡ ಸಂಸಾರಕ್ಕೆ ಅಂತ ಹುಟ್ಟಿದ್ದಲ್ಲ. (ಜಪಾನಿನ ಪೈಲ್ವಾನರ ಹೆಸರಲ್ಲ ಅದು. ಟೆಲ್ಕೊ ಕಟ್ಟಿದ ಸುಮಂತ್ ಮೂಳಗಾಂವಕರ್ ಹೆಸರಿನ ಸು ಮತ್ತು ಮೂ.) ಲಾರಿಯ ಥರ ಚಾಸಿ, ಮೇಲೆ ಬಾಡಿ, ಹಿಂದೆ ಅದೇ ಅಡ್ಡ ಸೀಟು. ಹತ್ತು ಜನ ಕೂರಬಹುದು ಅಂತ ಮಾರಿದರು, ನಾವು ಹದಿನೈದು ಕೂತು ತೋರಿಸಿದೆವು.

ಕರ್ನಾಟಕ ಈ ಕಥೆಗೆ ಬರೋದು ಬಿಡದಿಯಿಂದ. ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದ ಶುರುವಿನಲ್ಲಿ ಕ್ವಾಲಿಸ್ ರೋಡಿಗಿಳಿಯಿತು. ಅದರ ಮೂಲ ಇಂಡೊನೇಷ್ಯಾದ ಕಿಜಾಂಗ್. ಅಲ್ಲಿನ ಭಾಷೆಯಲ್ಲಿ ಕಾಡುಕುರಿಯಂಥ ಒಂದು ಜಿಂಕೆ. 1977ರಲ್ಲಿ ಅದು ಬರೀ ಪಿಕಪ್ಪು. ಕೂರೋ ಬಾಡಿಯನ್ನ ಅಲ್ಲಲ್ಲಿ ಬಾಡಿ ಕಟ್ಟೋರೇ ಕಟ್ಟಿಕೊಡ್ತಿದ್ದರು, ನಮ್ಮಲ್ಲಿ ಲಾರಿಗೆ ಕಟ್ಟಿಸೋ ಹಾಗೆ. ಕ್ವಾಲಿಸ್ ಬಂದಾಗ ಪತ್ರಿಕೆಯವರು ಇದೇನು ಹಳೇ ಡಬ್ಬ ಅಂತ ನಕ್ಕಿದ್ದರು. ಡ್ರೈವರುಗಳು ನಗಲಿಲ್ಲ. ಕೆಡದ ಎಂಜಿನ್ನು, ಕಾಲು ಚಾಚೋ ಜಾಗ. ಆ ಹೊತ್ತಿಗೆ ಸರಿಯಾಗಿ ಬೆಂಗಳೂರಲ್ಲಿ ಕಾಲ್ ಸೆಂಟರುಗಳು ಎದ್ದವು, ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನ ತುಂಬಿಕೊಂಡು ಹೊಸೂರು ರೋಡಲ್ಲಿ ಹಾರಿದ್ದು ಸುಮೋ ಮತ್ತು ಕ್ವಾಲಿಸ್ಸು. ಚೆನ್ನಾಗಿ ಮಾರ್ತಿರೋ ಗಾಡಿಯನ್ನ ನಿಲ್ಲಿಸಿ 2005ರಲ್ಲಿ ಅದೇ ಕಾರ್ಖಾನೆಯವರು ಇನೋವಾ ತಂದರು. ಅದೂ ಟ್ಯಾಕ್ಸಿಯವರ ಕಣ್ಮಣಿ ಆಯ್ತು. ಇವತ್ತಿಗೂ ನಮ್ಮೂರಲ್ಲಿ ಯಾರಾದರೂ ಇನೋವಾ ತಗೊಂಡರೆ "ಬಾಡಿಗೆಗೆ ಬಿಡ್ತೀಯಾ?" ಅನ್ನೋದೇ ಮೊದಲ ಪ್ರಶ್ನೆ.

ಬಾಡಿಗೆ ಗಾಡಿಯ ಲೆಕ್ಕ ಬೇರೆ. ಅಲ್ಲಿ ಹಿಂದೆ ಕೂರೋರು ದುಡ್ಡು ಕೊಟ್ಟ ದೊಡ್ಡವರು, ಅಥವಾ ಕಂಪನಿ ಬ್ಯಾಡ್ಜು ಹಾಕಿದವರು. ಮಗುವಿನ ಸೀಟು ಎಲ್ಲಿ ಸಿಕ್ಕಿಸೋದು ಅನ್ನೋ ಪ್ರಶ್ನೆಯೇ ಏಳಲ್ಲ. ಮನೆಯವರನ್ನೇ ಮನಸ್ಸಲ್ಲಿಟ್ಟುಕೊಂಡು ಬಂದ ಗಾಡಿಗಳೂ ಇದ್ದವು. 2001ರ ಮಾರುತಿ ವರ್ಸಾಕ್ಕೆ ಬಚ್ಚನ್ ಅಪ್ಪ ಮಗ ಇಬ್ಬರೂ ಜಾಹೀರಾತಿಗೆ ಬಂದರು, ಆದರೂ ಓಡಲಿಲ್ಲ. ಲೆಕ್ಕ ಬದಲಾದದ್ದು 2012ರ ಎರ್ಟಿಗಾದಿಂದ. ಅದರ ಬುನಾದಿ ಸ್ವಿಫ್ಟು. ಚಾಸಿ ಬಾಡಿ ಎರಡೂ ಒಂದೇ ಆಗಿರೋ, ಮುಂದಿನ ಚಕ್ರ ತಿರುಗೋ ಕಾರು. ಅಮೆರಿಕದಲ್ಲಿ 1983ರಲ್ಲಿ ಆದದ್ದು ನಮ್ಮ ಮಧ್ಯಮ ವರ್ಗದ ಕೈಗೆ ಸಿಕ್ಕಿದ್ದು ಇಪ್ಪತ್ತೊಂಬತ್ತು ವರ್ಷ ತಡವಾಗಿ.

ಇನ್ನು ನನ್ನ ಎಕ್ಸೆಲ್ ಶೀಟಿಗೆ ಬರ್ತೀನಿ. ಮೈಲೇಜು, ಟಚ್‌ಸ್ಕ್ರೀನು, ಸನ್‌ರೂಫು ಇವುಗಳ ಬಗ್ಗೆ ಎಲ್ಲಾ ಯೂಟ್ಯೂಬಿನವರೂ ಹೇಳ್ತಾರೆ, ನಾನು ಬಿಡ್ತೀನಿ. ಉದ್ದ ನೋಡಿ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, ಚಿಕ್ಕ ಎಂಜಿನ್ನಿನ ಕಾರಿಗೆ ಅಬಕಾರಿ ಸುಂಕವನ್ನ 24 ಪರ್ಸೆಂಟಿಂದ 16ಕ್ಕೆ ಇಳಿಸಿದರು. ಆವತ್ತಿನಿಂದ ನಾಲ್ಕು ಮೀಟರ್ ಅನ್ನೋದು ಲಕ್ಷ್ಮಣರೇಖೆ. ರೆನೋ ಟ್ರೈಬರ್ 3.99 ಮೀಟರಲ್ಲಿ ಏಳು ಸೀಟು ಕೂರಿಸಿದೆ, ಆ ಬುದ್ಧಿಗೆ ನಾನು ಕೈ ಮುಗೀತೀನಿ. ಆದರೆ ಏಳೂ ಸೀಟು ಹಾಕಿದಾಗ ಹಿಂದೆ ಉಳಿಯೋದು 84 ಲೀಟರ್, ಎರಡು ಸ್ಕೂಲ್ ಬ್ಯಾಗಿಗೆ ಸರಿಹೋಗುತ್ತೆ. ಎರ್ಟಿಗಾದಲ್ಲಿ 209, ಕಿಯಾ ಕಾರೆನ್ಸ್‌ನಲ್ಲಿ 216. ಹಿಂಬಾಗಿಲ ಗಾಜಿಗೂ ಮೂರನೇ ಸಾಲಿನ ಮಗುವಿನ ತಲೆಗೂ ನಡುವೆ ಎಷ್ಟು ಗೇಣು ಅಂತಲೂ ಅದೇ ನಂಬರು ಹೇಳುತ್ತೆ.

ನಕ್ಷತ್ರದ ಕಾಲಮ್ಮಲ್ಲಿ ಎರಡು ಅಂಕಿ ಇರುತ್ತೆ, ದೊಡ್ಡವರಿಗೊಂದು, ಮಕ್ಕಳಿಗೊಂದು. ಜಾಹೀರಾತಿನಲ್ಲಿ ಬರೋದು ದೊಡ್ಡವರದ್ದು. 2018ರ ಪರೀಕ್ಷೆಯಲ್ಲಿ ಮಹೀಂದ್ರ ಮರಾಝೋಗೆ ದೊಡ್ಡವರ ಲೆಕ್ಕದಲ್ಲಿ 4, ಮಕ್ಕಳ ಲೆಕ್ಕದಲ್ಲಿ 2. 2021ರಲ್ಲಿ ಟ್ರೈಬರ್‌ಗೆ 4 ಮತ್ತು 3. ಎರ್ಟಿಗಾಕ್ಕೆ 2019ರಲ್ಲಿ, ಕಾರೆನ್ಸ್‌ಗೆ 2022ರಲ್ಲಿ ಎರಡರಲ್ಲೂ 3. ಇದಕ್ಕಿಂತ ಮುಖ್ಯವಾದ ಒಂದು ವಿಷಯ ಇದೆ: ಆ ಪರೀಕ್ಷೆಗಳಲ್ಲಿ ಒಂದೂವರೆ ಮತ್ತು ಮೂರು ವರ್ಷದ ಅಳತೆಯ ಗೊಂಬೆಗಳನ್ನ ಕೂರಿಸಿದ್ದು ಎರಡನೇ ಸಾಲಲ್ಲಿ. ಮೂರನೇ ಸಾಲು ಖಾಲಿ.

ಎರಡನೇ ಸಾಲಲ್ಲಿ ಇನ್ನೊಂದು ಕೊಕ್ಕೆ. ಮಕ್ಕಳ ಸೀಟನ್ನ ಕಚ್ಚಿಸೋ ಐಸೋಫಿಕ್ಸ್ ಕೊಂಡಿ ನಾನು ನೋಡಿದ ಬಹುಪಾಲು ಗಾಡಿಗಳಲ್ಲಿ ಇರೋದು ಅಲ್ಲೇ, ಎರಡು ಜಾಗದಲ್ಲಿ. ನಮ್ಮ ಚಿಕ್ಕವೆರಡನ್ನ ಅಲ್ಲಿ ಕಟ್ಟಿದರೆ ಆ ಸೀಟು ಮಡಚೋಕೆ ಆಗಲ್ಲ. ಮಡಚದಿದ್ದರೆ ಮೂರನೇ ಸಾಲಿಗೆ ಹೋಗೋ ದಾರಿಯೇ ಮುಚ್ಚಿತು. ಕ್ರೈಸ್ಲರ್‌ನವರು ಓಣಿ ಬಿಟ್ಟದ್ದು ಯಾಕೆ ಅಂತ ಶೋರೂಮಲ್ಲಿ ಆ ಸೀಟುಗಳ ಮೇಲೆ ಹತ್ತಿಳಿದಾಗ ಅರ್ಥ ಆಯ್ತು. ನಡುವೆ ಎರಡು ಬಿಡಿ ಸೀಟು ಇರೋ ಮಾದರಿ ತಗೊಂಡರೆ ಓಣಿ ಸಿಗುತ್ತೆ, ಆದರೆ ಏಳು ಸೀಟಿನದ್ದು ಆರು ಸೀಟಾಗುತ್ತೆ. ಎಂಟು ಸೀಟಿನ ಇನೋವಾ ಇದೆ, ಇಎಂಐ ಲೆಕ್ಕ ಹಾಕಿದರೆ ನನ್ನ ಮನೆ ಸಾಲ ನನ್ನನ್ನ ನೋಡಿ ನಗುತ್ತೆ.

ನಮ್ಮ ಕಾನೂನೂ ಈಗ ಮಗುವನ್ನ ಎಣಿಸುತ್ತೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 194ಬಿ ಕಲಮಿನ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ. ಅಪ್ಪನಿಗೆ ಇದನ್ನ ಹೇಳಿದೆ. "ದಂಡ ಕಟ್ಟಾರು ಯಾರ್ಲಾ?" ಅಂದರು. ಮೂರು ಮೂಟೆ ಸಿಮೆಂಟಿನ ಲೆಕ್ಕ ಹೇಳಿದಾಗ ಮಾತ್ರ ಸುಮ್ಮನಾದರು. ಮನೆ ಕಟ್ಟಿಸಿದವರು, ಸಿಮೆಂಟಿನ ಭಾರ ಗೊತ್ತು.

ಸದ್ಯಕ್ಕೆ ಶೀಟಲ್ಲಿ ಉಳಿದಿರೋದು ಎರ್ಟಿಗಾ ಮತ್ತು ಕಾರೆನ್ಸ್, ಎರಡೂ ಏಳು ಸೀಟಿನವು. ಅಪ್ಪ ಮುಂದೆ, ಅವರ ಮೊಣಕಾಲಿಗೆ ಅದೇ ವಾಸಿ. ನಡುವೆ ಚಿಕ್ಕವೆರಡು ಕಿಟಕಿ ಪಕ್ಕ, ಅಮ್ಮ ಅವುಗಳ ಮಧ್ಯೆ. ದೊಡ್ಡವೆರಡು ಮೂರನೇ ಸಾಲಲ್ಲಿ, ಹೆಗಲ ಮೇಲಿನ ಬೆಲ್ಟು ಹಾಕ್ಕೊಂಡು, ಹಿಂಬಾಗಿಲಿಂದ ಹತ್ತಿ. ಸ್ಟೀರಿಂಗ್ ಹಿಡಿಯೋರು ಒಬ್ಬರು. ಎಂಟನೇ ತಲೆ ಮೆಜೆಸ್ಟಿಕ್‌ನಲ್ಲಿ ತಿಪಟೂರು ಬಸ್ಸು ಹತ್ತಬೇಕು. ಅದು ನಾನೋ ನನ್ನ ಹೆಂಡತಿಯೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಸರ್ಕಾರಿ ಬಸ್ಸಲ್ಲಿ ಅವಳಿಗೆ ಟಿಕೆಟ್ಟು ಫ್ರೀ ಅನ್ನೋ ನನ್ನ ವಾದ ಮಾತ್ರ ಮನೇಲಿ ನಡೀಲಿಲ್ಲ.